ನಾಯಿಯ ಕೆಮ್ಮು ಮತ್ತು ಲಸಿಕೆ ಕಾರ್ಡಿನ ‘ಕೊರೊನಾ’

ದಸರಾ, ದೀಪಾವಳಿ, ವರ್ಷಾಂತ್ಯದ ರಜೆಗಳು ಮುಗಿದು, ಬೋರ್ಡಿಂಗ್‌ಗೆ ಬಿಟ್ಟಿದ್ದ ನಾಯಿಯನ್ನು ಮನೆಗೆ ಕರೆತಂದ ಕೆಲವೇ ದಿನಗಳಲ್ಲಿ ಬೆಂಗಳೂರಿನ ಹಲವು ಮನೆಗಳಲ್ಲಿ ಒಂದು ಒಣಕೆಮ್ಮು ಕೇಳಿಸತೊಡಗುತ್ತದೆ. ಗಂಟಲಿಗೆ ಮೂಳೆ ಸಿಕ್ಕಿಕೊಂಡಂತೆ ನಾಯಿ ಕತ್ತು ಚಾಚಿ ಗಟ್ಟಿಯಾಗಿ ಕೆಮ್ಮುತ್ತದೆ, ಕೊನೆಗೆ ಓಕರಿಸಿ ಒಂದಿಷ್ಟು ಬಿಳಿ ನೊರೆಯನ್ನು ಕಕ್ಕುತ್ತದೆ. ಗಾಬರಿಯಾದ ಮನೆಯವರು ಲಸಿಕೆ ಕಾರ್ಡನ್ನು ತೆರೆದರೆ ಅದರಲ್ಲಿ ‘ಕೊರೊನಾ’ ಎಂಬ ಹೆಸರು ಕಾಣಿಸುತ್ತದೆ. ಲಸಿಕೆ ಹಾಕಿಸಿದ ಮೇಲೂ ನಾಯಿಗೆ ಕೊರೊನಾ ಬಂತೇ, ಇದು ನಮಗೆ ಬಂದಿದ್ದ ಕೋವಿಡ್ಡೇ, ಮಕ್ಕಳನ್ನು ನಾಯಿಯಿಂದ ದೂರವಿಡಬೇಕೇ ಎಂಬ ಪ್ರಶ್ನೆಗಳು ಒಟ್ಟಿಗೇ ಏಳುತ್ತವೆ. ಇವುಗಳಿಗೆ ಉತ್ತರ ಕಂಡುಕೊಳ್ಳಲು ಮೊದಲು ಒಂದು ಹೆಸರಿನ ಹಿಂದೆ ಇರುವ ಬೇರೆ ಬೇರೆ ವೈರಸ್‌ಗಳನ್ನು ಬಿಡಿಸಿ ನೋಡಬೇಕಾಗುತ್ತದೆ.

ಒಂದೇ ಹೆಸರು, ಮೂರು ವೈರಸ್

ಬೆಂಗಳೂರಿನಲ್ಲಿ ಯಾರಾದರೂ ‘ಐದನೇ ಕ್ರಾಸಿಗೆ ಬನ್ನಿ’ ಎಂದಷ್ಟೇ ಹೇಳಿದರೆ ದಾರಿ ತಿಳಿಯುವುದಿಲ್ಲ. ಜಯನಗರದಲ್ಲೂ ಐದನೇ ಕ್ರಾಸ್ ಇದೆ, ಮಲ್ಲೇಶ್ವರದಲ್ಲೂ ಇದೆ. ‘ಕೊರೊನಾ’ ಎಂಬ ಹೆಸರಿನದೂ ಇದೇ ಕಥೆ. ಅದು ಒಂದು ವೈರಸ್ಸಿನ ಹೆಸರಲ್ಲ, ಒಂದು ದೊಡ್ಡ ಕುಟುಂಬದ ಹೆಸರು. ಈ ಕುಟುಂಬದ ವೈರಸ್‌ಗಳೆಲ್ಲವೂ ಆರ್‌ಎನ್‌ಎ ಎಂಬ ಆನುವಂಶಿಕ ವಸ್ತುವನ್ನು ಹೊಂದಿರುತ್ತವೆ, ಕೊಬ್ಬಿನ ಹೊದಿಕೆಯೊಂದರಿಂದ ಸುತ್ತುವರಿದಿರುತ್ತವೆ ಮತ್ತು ಆ ಹೊದಿಕೆಯ ಮೇಲೆ ಮುಳ್ಳಿನಂತೆ ಚಾಚಿಕೊಂಡ ಪ್ರೋಟೀನುಗಳ ಸಹಾಯದಿಂದ ಜೀವಕೋಶಕ್ಕೆ ಅಂಟಿಕೊಳ್ಳುತ್ತವೆ. ಯಾವ ವೈರಸ್ ಯಾವ ಪ್ರಾಣಿಯ ಯಾವ ಅಂಗಕ್ಕೆ ತಗಲುತ್ತದೆ ಎಂಬುದನ್ನು ಬಹುಮಟ್ಟಿಗೆ ನಿರ್ಧರಿಸುವುದು ಈ ಮುಳ್ಳುಗಳ ರಚನೆಯೇ.

ಸಸ್ತನಿಗಳಲ್ಲಿ ರೋಗ ತರುವ ಕೊರೊನಾ ವೈರಸ್‌ಗಳನ್ನು ವಿಜ್ಞಾನಿಗಳು ಮುಖ್ಯವಾಗಿ ಆಲ್ಫಾ ಮತ್ತು ಬೀಟಾ ಎಂಬ ಎರಡು ಗುಂಪುಗಳಲ್ಲಿ ಇರಿಸುತ್ತಾರೆ. ನಾಯಿಗಳ ವಿಷಯದಲ್ಲಿ ನಮಗೆ ಎದುರಾಗುವವು ಮೂರು: ನಾಯಿಯ ಕರುಳಿನಲ್ಲಿ ಬೆಳೆಯುವ ಆಲ್ಫಾ ಗುಂಪಿನ ವೈರಸ್, ನಾಯಿಯ ಶ್ವಾಸನಾಳದಲ್ಲಿ ಬೆಳೆಯುವ ಬೀಟಾ ಗುಂಪಿನ ವೈರಸ್, ಮತ್ತು ಮನುಷ್ಯರಿಂದ ಅಪರೂಪಕ್ಕೆ ನಾಯಿಗೆ ತಗಲುವ ಕೋವಿಡ್ ವೈರಸ್. ಕೊನೆಯದೂ ಬೀಟಾ ಗುಂಪಿನದೇ ಆದರೂ ಎರಡನೆಯದಕ್ಕೆ ಹತ್ತಿರದ ಸಂಬಂಧಿಯಲ್ಲ. ಒಂದರ ವಿರುದ್ಧ ದೇಹದಲ್ಲಿ ಬೆಳೆದ ರೋಗನಿರೋಧಕ ಶಕ್ತಿ ಇನ್ನೊಂದನ್ನು ತಡೆಯುತ್ತದೆಂದು ನಂಬಿ ಕೂರುವಂತಿಲ್ಲ.

ಕರುಳಿನ ಕೊರೊನಾ

ಮೂರರಲ್ಲಿ ಮೊದಲು ಪತ್ತೆಯಾದದ್ದು ಇದು. 1971ರಲ್ಲಿ ಜರ್ಮನಿಯಲ್ಲಿ ಸೇನೆಯ ಕಾವಲು ನಾಯಿಗಳಿಗೆ ಭೇದಿ ಹತ್ತಿಕೊಂಡಾಗ ಅವುಗಳ ಮಲದಲ್ಲಿ ಈ ವೈರಸ್ ಕಂಡುಬಂತು. ಮಲದ ಮೂಲಕ ಒಂದು ನಾಯಿಯಿಂದ ಇನ್ನೊಂದಕ್ಕೆ ಹರಡುವ ಇದು ಸಣ್ಣ ಕರುಳಿನ ಒಳಪದರದ ಕೋಶಗಳಿಗೆ ತಗಲುತ್ತದೆ. ಬೆಳೆದ ನಾಯಿಗಳಲ್ಲಿ ಅನೇಕ ಸಲ ಯಾವ ಲಕ್ಷಣವೂ ಕಾಣಿಸುವುದಿಲ್ಲ. ಮರಿಗಳಲ್ಲಿ ಕೆಲವು ದಿನ ಭೇದಿ, ವಾಂತಿ, ಮಂಕು ಇರಬಹುದು. ಹೆಚ್ಚಿನವು ತಾವಾಗಿಯೇ ಚೇತರಿಸಿಕೊಳ್ಳುತ್ತವೆ.

ಅಪಾಯ ಹೆಚ್ಚುವುದು ಇದರ ಜೊತೆಗೆ ಪಾರ್ವೋ ವೈರಸ್ ಕೂಡ ಸೇರಿಕೊಂಡಾಗ. ಮರಿಗೆ ರಕ್ತಭೇದಿ ಕಾಣಿಸಿಕೊಂಡರೆ ಪಶುವೈದ್ಯರು ಮೊದಲು ಯೋಚಿಸುವುದು ಪಾರ್ವೋವನ್ನೇ ಹೊರತು ಕೊರೊನಾವನ್ನಲ್ಲ. 2005ರಲ್ಲಿ ಇಟಲಿಯಲ್ಲಿ ಕರುಳಿಗೆ ಸೀಮಿತವಾಗದೆ ಶ್ವಾಸಕೋಶ, ಯಕೃತ್ತು, ಮೂತ್ರಪಿಂಡಗಳಿಗೂ ಹರಡಿ ಮರಿಗಳನ್ನು ಕೊಂದ ಒಂದು ತಳಿ ಪತ್ತೆಯಾಗಿತ್ತು. ಆದರೆ ಅದು ಈ ವೈರಸ್ಸಿನ ಸಾಮಾನ್ಯ ನಡವಳಿಕೆಯಲ್ಲ. ಕೆಮ್ಮಿಗೂ ಕರುಳಿನ ಕೊರೊನಾಕ್ಕೂ ಸಾಮಾನ್ಯವಾಗಿ ಸಂಬಂಧವಿಲ್ಲ ಎಂಬುದನ್ನು ಇಲ್ಲಿ ಗುರುತಿಟ್ಟುಕೊಂಡರೆ ಸಾಕು, ಲಸಿಕೆಯ ಮಾತು ಬಂದಾಗ ಇದು ಉಪಯೋಗಕ್ಕೆ ಬರುತ್ತದೆ.

ಶ್ವಾಸನಾಳದ ಕೊರೊನಾ

ಕೆಮ್ಮಿಗೆ ಸಂಬಂಧಪಟ್ಟ ವೈರಸ್ ಬೆಳಕಿಗೆ ಬಂದದ್ದು ಮೂರು ದಶಕಗಳ ನಂತರ, 2003ರಲ್ಲಿ, ಲಂಡನ್ನಿನ ರಾಯಲ್ ವೆಟರ್ನರಿ ಕಾಲೇಜಿನ ಸಂಶೋಧಕರ ಮೂಲಕ. ಅನಾಥ ನಾಯಿಗಳಿಗೆ ಹೊಸ ಮನೆ ಹುಡುಕಿಕೊಡುವ ಒಂದು ಆಶ್ರಯತಾಣದಲ್ಲಿ, ಅಂದಿಗೆ ತಿಳಿದಿದ್ದ ಕೆಮ್ಮಿನ ವೈರಸ್‌ಗಳ ವಿರುದ್ಧ ಲಸಿಕೆ ಹಾಕಿಸಿದ್ದರೂ ನಾಯಿಗಳ ಕೆಮ್ಮು ನಿಲ್ಲುತ್ತಿರಲಿಲ್ಲ. ಕಾರಣ ಹುಡುಕುತ್ತ ಹೋದಾಗ ಅವುಗಳ ಶ್ವಾಸನಾಳದಲ್ಲಿ ಹೊಸದೊಂದು ಕೊರೊನಾ ವೈರಸ್ ಸಿಕ್ಕಿತು. ಆಶ್ರಯತಾಣಕ್ಕೆ ಬಂದಾಗಲೇ ರಕ್ತದಲ್ಲಿ ಇದರ ವಿರುದ್ಧ ಪ್ರತಿಕಾಯಗಳಿದ್ದ ನಾಯಿಗಳು ಕಡಿಮೆ ಕೆಮ್ಮಿದವು. ಇಲ್ಲದಿದ್ದ ನಾಯಿಗಳಲ್ಲಿ ಬಹುತೇಕ ಎಲ್ಲವುಗಳಿಗೂ ಮೂರು ವಾರಗಳೊಳಗೆ ಸೋಂಕು ತಗಲಿತು. ಹತ್ತಿರ ಹತ್ತಿರ ನಾಯಿಗಳನ್ನು ಕೂಡಿಹಾಕಿದ ಜಾಗದಲ್ಲಿ ಇದು ಎಷ್ಟು ಬೇಗ ಹರಡುತ್ತದೆ ಎಂಬುದು ಅಲ್ಲಿಂದಲೇ ಸ್ಪಷ್ಟವಾಯಿತು.

ಇನ್ನೂ ಕುತೂಹಲದ ಸಂಗತಿ ಎಂದರೆ ಈ ವೈರಸ್ಸಿನ ನೆಂಟಸ್ತಿಕೆ. ನಾಯಿಯ ಕರುಳಿನ ಕೊರೊನಾಕ್ಕಿಂತ ಇದು ದನಗಳ ಕೊರೊನಾ ವೈರಸ್ಸಿಗೆ, ಹಾಗೂ ಮನುಷ್ಯರಲ್ಲಿ ಸಾಧಾರಣ ನೆಗಡಿ ತರುವ ಓಸಿ43 ಎಂಬ ವೈರಸ್ಸಿಗೆ ಬಹಳ ಹತ್ತಿರದ್ದು. ಓಸಿ43 ಕೂಡ ಹಿಂದೊಮ್ಮೆ, ಬಹುಶಃ 19ನೇ ಶತಮಾನದ ಕೊನೆಯ ಭಾಗದಲ್ಲಿ, ದನಗಳಿಂದ ಮನುಷ್ಯರಿಗೆ ದಾಟಿತೆಂದು ವಂಶವಾಹಿಗಳ ಹೋಲಿಕೆಯಿಂದ ವಿಜ್ಞಾನಿಗಳು ಅಂದಾಜಿಸಿದ್ದಾರೆ. ಅಂದರೆ ಕೊಟ್ಟಿಗೆಯ ದನ, ಅಂಗಳದ ನಾಯಿ, ಮನೆಯೊಳಗಿನ ಮನುಷ್ಯ ಈ ಮೂವರ ನೆಗಡಿ, ಕೆಮ್ಮುಗಳ ವೈರಸ್‌ಗಳು ಒಂದೇ ಬುಡದ ಕೊಂಬೆಗಳು.

ಇದು ದೇಹದಲ್ಲಿ ಮಾಡುವ ಕೆಲಸವನ್ನು ಅರ್ಥಮಾಡಿಕೊಳ್ಳಲು ಶ್ವಾಸನಾಳದ ಒಳಗೋಡೆಯನ್ನು ನೆನೆಯಬೇಕು. ಆ ಗೋಡೆಯ ತುಂಬ ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ರೋಮಗಳಿದ್ದು, ಅವು ಒಂದೇ ದಿಕ್ಕಿನಲ್ಲಿ ಎಡೆಬಿಡದೆ ಬಡಿಯುತ್ತ, ಉಸಿರಿನೊಂದಿಗೆ ಒಳಬಂದ ಧೂಳು ಮತ್ತು ರೋಗಾಣುಗಳನ್ನು ಲೋಳೆಯ ಸಮೇತ ಗಂಟಲಿನತ್ತ ತಳ್ಳುತ್ತಿರುತ್ತವೆ. ಶ್ವಾಸನಾಳದ ಕೊರೊನಾ ಈ ರೋಮಗಳಿರುವ ಕೋಶಗಳನ್ನೇ ಹಾಳುಗೆಡಹುತ್ತದೆ. ಬರೀ ಈ ವೈರಸ್ ಒಂದೇ ಇದ್ದರೆ ನಾಯಿಗೆ ಸ್ವಲ್ಪ ಕೆಮ್ಮು, ಸೀನು, ಮೂಗಿನಿಂದ ನೀರು ಬಂದು ಅಲ್ಲಿಗೆ ಮುಗಿಯಬಹುದು. ಆದರೆ ರೋಮಗಳು ಕೆಲಸ ನಿಲ್ಲಿಸಿದ ದಿನಗಳಲ್ಲಿ ಬೇರೆ ಬ್ಯಾಕ್ಟೀರಿಯಾಗಳು ಸುಲಭವಾಗಿ ಕೆಳಗಿಳಿಯುತ್ತವೆ, ಕೆಲವೊಮ್ಮೆ ಶ್ವಾಸಕೋಶದವರೆಗೂ ತಲುಪುತ್ತವೆ. ಈ ವೈರಸ್ ತರುವ ನಿಜವಾದ ತೊಂದರೆ ಅದು.

ಕೆಮ್ಮು ಒಂದೇ, ಕಾರಣ ಹಲವು

ಆದ್ದರಿಂದಲೇ ಪಶುವೈದ್ಯರು ‘ಕೆನಲ್ ಕಾಫ್’ ಎಂದು ಕರೆಯುವ ಕೆಮ್ಮು ಒಂದು ರೋಗಾಣುವಿನ ಕಾಯಿಲೆಯಲ್ಲ. ಅದು ಹಲವು ರೋಗಾಣುಗಳು ಒಂಟಿಯಾಗಿಯೋ ಕೂಡಿಕೊಂಡೋ ತರುವ ಶ್ವಾಸಸೋಂಕುಗಳ ಒಂದು ಗೊಂಚಲು. ಬೋರ್ಡೆಟೆಲ್ಲಾ ಎಂಬ ಬ್ಯಾಕ್ಟೀರಿಯಾ, ಪ್ಯಾರಾಇನ್‌ಫ್ಲುಯೆಂಜಾ ವೈರಸ್ ಮತ್ತು ಅಡಿನೋ ವೈರಸ್‌ನ ಎರಡನೇ ಬಗೆ ಇದರಲ್ಲಿ ಹಳಬರು. ಶ್ವಾಸನಾಳದ ಕೊರೊನಾ, ಮೈಕೋಪ್ಲಾಸ್ಮಾ, ಹರ್ಪಿಸ್ ವೈರಸ್, ನ್ಯುಮೋ ವೈರಸ್ ಮೊದಲಾದವು ಅನಂತರ ಪಟ್ಟಿಗೆ ಸೇರಿದವು. ನಾಯಿಗಳ ಇನ್‌ಫ್ಲುಯೆಂಜಾ ಕೂಡ ಇದೆ: ಕುದುರೆಗಳ ಫ್ಲೂ ವೈರಸ್ ನಾಯಿಗಳಿಗೆ ದಾಟಿದ್ದು 2004ರಲ್ಲಿ ಅಮೆರಿಕದ ಫ್ಲೋರಿಡಾದ ರೇಸ್ ನಾಯಿಗಳಲ್ಲಿ ಗೊತ್ತಾಯಿತು, ಹಕ್ಕಿಗಳಿಂದ ಬಂದ ಇನ್ನೊಂದು ಬಗೆ ಏಷ್ಯಾದಲ್ಲಿ ಹುಟ್ಟಿ 2015ರಲ್ಲಿ ಷಿಕಾಗೋದ ನಾಯಿಗಳನ್ನು ಕಾಡಿತು. ಕೆಮ್ಮಿನೊಂದಿಗೆ ಕಣ್ಣು, ಮೂಗುಗಳಿಂದ ದಪ್ಪ ಕೀವು ಸುರಿದು, ಮುಂದೆ ನಡುಕ ಅಥವಾ ಫಿಟ್ಸ್ ಕಾಣಿಸಿಕೊಂಡರೆ ಡಿಸ್ಟೆಂಪರ್ ಇರಬಹುದು. ಈ ಎಲ್ಲದರಲ್ಲಿ ತೀರ ಕ್ರೂರವಾದದ್ದು ಅದೇ, ಮತ್ತು ಲಸಿಕೆಯಿಂದ ಚೆನ್ನಾಗಿ ತಡೆಯಬಹುದಾದದ್ದೂ ಅದೇ.

ಸೋಂಕು ತಗಲಿ ಸಾಮಾನ್ಯವಾಗಿ 2ರಿಂದ 14 ದಿನಗಳೊಳಗೆ ಕೆಮ್ಮು ಕಾಣಿಸುತ್ತದೆ. ಹರಡುವುದು ಕೆಮ್ಮು, ಸೀನುಗಳ ಹನಿಗಳಿಂದ, ಮೂಗಿಗೆ ಮೂಗು ತಾಗಿಸುವುದರಿಂದ, ಹಂಚಿಕೊಂಡ ನೀರಿನ ಬಟ್ಟಲು, ಆಟಿಕೆಗಳಿಂದ, ಮತ್ತು ಒಂದು ನಾಯಿಯನ್ನು ಮುಟ್ಟಿ ಇನ್ನೊಂದನ್ನು ಸವರುವ ಕೈಗಳಿಂದ. ಬೆಂಗಳೂರಿನ ಚಳಿಯೇ ಕೆಮ್ಮಿಗೆ ಕಾರಣವೆಂಬ ಮಾತು ರೂಢಿಯಲ್ಲಿದೆಯಾದರೂ, ಜನವರಿಯ ಬೆಳಗಿನ ಸುಮಾರು 15 ಡಿಗ್ರಿ ಉಷ್ಣಾಂಶ ತಾನೇ ರೋಗ ಹುಟ್ಟಿಸುವುದಿಲ್ಲ. ರಜೆಯ ದಿನಗಳಲ್ಲಿ ತುಂಬಿ ತುಳುಕುವ ಬೋರ್ಡಿಂಗ್, ಡೇ ಕೇರ್‌ಗಳು, ಗಾಳಿಯಾಡದ ಕೋಣೆಗಳು, ಭಾನುವಾರ ಉದ್ಯಾನಗಳಲ್ಲಿ ಸೇರುವ ನಾಯಿಗಳ ಗುಂಪು ಇವೇ ಹೆಚ್ಚಿನ ಕಾರಣ. 2023ರ ಪಾಲಿಕೆ ಸಮೀಕ್ಷೆಯಂತೆ ನಗರದಲ್ಲಿ ಸುಮಾರು 2.79 ಲಕ್ಷ ಬೀದಿನಾಯಿಗಳಿವೆ. ಗೇಟಿನ ಸರಳುಗಳ ಎಡೆಯಿಂದ ಮನೆನಾಯಿಯೂ ಬೀದಿನಾಯಿಯೂ ಮೂಸಿಕೊಳ್ಳುವುದು ದಿನನಿತ್ಯದ ನೋಟವಾದ್ದರಿಂದ ಸೋಂಕು ಎರಡೂ ಕಡೆಗೆ ದಾಟುತ್ತದೆ, ದೋಷ ಒಂದೇ ಕಡೆಯದೆಂದು ಹೇಳುವಂತಿಲ್ಲ.

ಎಲ್ಲ ಕೆಮ್ಮೂ ಸೋಂಕಲ್ಲ ಎಂಬುದನ್ನೂ ಹೇಳಬೇಕು. ನಮ್ಮಲ್ಲಿ ಬಹುಕಾಲದಿಂದ ಜನಪ್ರಿಯವಾಗಿರುವ ಪೊಮೆರೇನಿಯನ್‌ನಂಥ ಸಣ್ಣ ತಳಿಗಳಲ್ಲಿ ಶ್ವಾಸನಾಳದ ಮೃದ್ವಸ್ಥಿಯ ಉಂಗುರಗಳು ಸಡಿಲಗೊಂಡು ನಾಳವೇ ಕುಸಿಯುವ ತೊಂದರೆ ಬರುತ್ತದೆ, ಬೆಲ್ಟ್ ಎಳೆದಾಗ ಅಥವಾ ಸಂಭ್ರಮಗೊಂಡಾಗ ಅಂಥ ನಾಯಿ ಕೆಮ್ಮುತ್ತದೆ. ವಯಸ್ಸಾದ ನಾಯಿ ರಾತ್ರಿ ಮಲಗಿದಾಗ ಕೆಮ್ಮಿದರೆ ಹೃದಯದ ಕಾಯಿಲೆಯನ್ನೂ ಪರೀಕ್ಷಿಸಬೇಕಾಗುತ್ತದೆ.

ಕೋವಿಡ್ ಮತ್ತು ನಾಯಿ

2020ರ ಫೆಬ್ರುವರಿಯಲ್ಲಿ ಹಾಂಗ್‌ಕಾಂಗ್‌ನಲ್ಲಿ ಕೋವಿಡ್ ಸೋಂಕಿತರೊಬ್ಬರ ಮನೆಯ ವಯಸ್ಸಾದ ಪೊಮೆರೇನಿಯನ್ ನಾಯಿಯ ಮೂಗು ಮತ್ತು ಬಾಯಿಯ ಮಾದರಿಗಳಲ್ಲಿ ಆ ವೈರಸ್ಸಿನ ಅಂಶ ಅಲ್ಪ ಪ್ರಮಾಣದಲ್ಲಿ ಸಿಕ್ಕಿತು. ಅನಂತರ ಹಲವು ದೇಶಗಳಲ್ಲಿ ಇಂಥ ಪ್ರಕರಣಗಳು ವರದಿಯಾದವು. ಹೆಚ್ಚಿನ ಕಡೆ ಸೋಂಕು ಬಂದದ್ದು ಮನೆಯ ಮನುಷ್ಯರಿಂದ. ನಾಯಿಗಳು ಬಹುತೇಕ ಲಕ್ಷಣರಹಿತವಾಗಿದ್ದವು. ಅದೇ ವರ್ಷ ಚೀನಾದಲ್ಲಿ ನಡೆದ ಪ್ರಯೋಗಗಳಲ್ಲಿ ಬೆಕ್ಕು ಮತ್ತು ಫೆರೆಟ್‌ಗಳಲ್ಲಿ (ಮುಂಗುಸಿಯಂತೆ ಕಾಣುವ ಸಣ್ಣ ಸಾಕುಪ್ರಾಣಿ) ವೈರಸ್ ಚೆನ್ನಾಗಿ ಬೆಳೆಯಿತು, ನಾಯಿಗಳಲ್ಲಿ ಸರಿಯಾಗಿ ಬೆಳೆಯಲಿಲ್ಲ. ಭಾರತದಲ್ಲಿ 2021ರಲ್ಲಿ ಹೈದರಾಬಾದಿನ ಮೃಗಾಲಯದ ಎಂಟು ಸಿಂಹಗಳಿಗೆ, ಬಳಿಕ ಚೆನ್ನೈ ಬಳಿಯ ವಂಡಲೂರಿನ ಸಿಂಹಗಳಿಗೆ ಕೋವಿಡ್ ತಗಲಿದ್ದು ಸುದ್ದಿಯಾಗಿತ್ತು. ಬೆಕ್ಕಿನ ಕುಲಕ್ಕೆ ಈ ವೈರಸ್ ಹೆಚ್ಚು ಸುಲಭವಾಗಿ ತಗಲುತ್ತದೆ ಎಂಬುದಕ್ಕೆ ಅದೂ ಹೊಂದುತ್ತದೆ. ಹರಿಯಾಣದ ಹಿಸಾರ್‌ನಲ್ಲಿರುವ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರ ಪ್ರಾಣಿಗಳಿಗಾಗಿ ರೂಪಿಸಿದ ‘ಆಂಕೋವ್ಯಾಕ್ಸ್’ ಲಸಿಕೆ 2022ರ ಜೂನ್‌ನಲ್ಲಿ ಬಿಡುಗಡೆಯಾಯಿತಾದರೂ ಮನೆನಾಯಿಗಳ ನಿತ್ಯದ ಲಸಿಕಾ ಪಟ್ಟಿಯಲ್ಲಿ ಅದು ಇಲ್ಲ.

ಹೀಗಾಗಿ ಬೆಂಗಳೂರಿನ ನಾಯಿಯೊಂದು ಕೆಮ್ಮುತ್ತಿದ್ದರೆ ಅದಕ್ಕೆ ಕೋವಿಡ್ ಕಾರಣವಾಗಿರುವ ಸಾಧ್ಯತೆ ತೀರ ಕಡಿಮೆ. ಮನೆಯಲ್ಲಿ ಯಾರಿಗಾದರೂ ಕೋವಿಡ್ ಇದ್ದಾಗ ಅವರು ನಾಯಿಯನ್ನು ಮುದ್ದಿಸದೆ, ಅದರೊಂದಿಗೆ ಮಲಗದೆ ಕೆಲವು ದಿನ ದೂರವಿರುವುದು ನಾಯಿಯ ರಕ್ಷಣೆಗಾಗಿ.

ಲಸಿಕೆ ಕಾರ್ಡನ್ನು ಓದುವುದು ಹೇಗೆ

ಗೊಂದಲ ಹೆಚ್ಚಿರುವುದು ಇಲ್ಲೇ. ‘ಸೆವೆನ್ ಇನ್ ಒನ್’, ‘ನೈನ್ ಇನ್ ಒನ್’ ಎಂಬ ಹೆಸರಿನಲ್ಲಿ ಹಾಕುವ ಸಂಯುಕ್ತ ಲಸಿಕೆಗಳಲ್ಲಿ ಡಿಸ್ಟೆಂಪರ್, ಅಡಿನೋ, ಪಾರ್ವೋ, ಪ್ಯಾರಾಇನ್‌ಫ್ಲುಯೆಂಜಾ, ಇಲಿಜ್ವರ ತರುವ ಲೆಪ್ಟೊಸ್ಪೈರಾದ ಬಗೆಗಳು ಮತ್ತು ಕೆಲವು ಕಂಪನಿಗಳ ಲಸಿಕೆಗಳಲ್ಲಿ ಕೊರೊನಾ ಸೇರಿರುತ್ತವೆ. ಈ ಕೊರೊನಾ ಮೇಲೆ ಹೇಳಿದ ಕರುಳಿನ ಕೊರೊನಾ. ಅದು ಶ್ವಾಸನಾಳದ ಕೊರೊನಾವನ್ನು ತಡೆಯುವುದಿಲ್ಲ, ಕೋವಿಡ್ ವೈರಸ್ಸನ್ನೂ ತಡೆಯುವುದಿಲ್ಲ. 2020ರಲ್ಲಿ ನಾಯಿಯ ಲಸಿಕೆಯ ಡಬ್ಬಿಯ ಮೇಲೆ ‘ಕೊರೊನಾ’ ಎಂಬ ಹೆಸರನ್ನು ಕಂಡು, ಮನುಷ್ಯರ ಕೋವಿಡ್ಡಿಗೆ ಮದ್ದು ಮೊದಲೇ ಇತ್ತೆಂಬ ವದಂತಿ ವಾಟ್ಸ್ಆ್ಯಪಿನಲ್ಲಿ ಹರಿದಾಡಿದ್ದಕ್ಕೂ ಮೂಲ ಈ ಗೊಂದಲವೇ.

ಜಗತ್ತಿನ ಸಣ್ಣ ಪ್ರಾಣಿಗಳ ಪಶುವೈದ್ಯರ ಒಕ್ಕೂಟದ ಲಸಿಕಾ ಮಾರ್ಗಸೂಚಿ ಕರುಳಿನ ಕೊರೊನಾ ಲಸಿಕೆಯನ್ನು ಶಿಫಾರಸು ಮಾಡುವುದಿಲ್ಲ. ಕಾರಣ ಸರಳ: ರೋಗ ಸಾಮಾನ್ಯವಾಗಿ ಸೌಮ್ಯ, ಅದೂ ಹೆಚ್ಚಾಗಿ ಬರುವುದು ಆರು ವಾರದೊಳಗಿನ ಮರಿಗಳಿಗೆ, ಅಂದರೆ ಲಸಿಕೆ ಹಾಕಿಸುವ ವಯಸ್ಸಿಗೂ ಮುಂಚೆ. ಸಂಯುಕ್ತ ಲಸಿಕೆಯಲ್ಲಿ ಅದು ಸೇರಿದ್ದರೆ ಗಾಬರಿ ಬೇಕಿಲ್ಲ. ಸೇರಿಲ್ಲವೆಂದು ಚಿಂತಿಸುವ ಅಗತ್ಯವಂತೂ ಇಲ್ಲವೇ ಇಲ್ಲ. ಕಾರ್ಡಿನಲ್ಲಿ ನೋಡಬೇಕಾದ ಹೆಸರುಗಳು ಡಿಸ್ಟೆಂಪರ್, ಪಾರ್ವೋ, ಅಡಿನೋ, ರೇಬೀಸ್ ಮತ್ತು ಮಳೆನೀರು, ಇಲಿಗಳ ಕಾಟವಿರುವ ನಮ್ಮಂಥ ಊರುಗಳಲ್ಲಿ ಲೆಪ್ಟೊಸ್ಪೈರಾ. ಮರಿಗಳಿಗೆ ಆರರಿಂದ ಎಂಟು ವಾರದ ವಯಸ್ಸಿನಲ್ಲಿ ಶುರುಮಾಡಿ ಹದಿನಾರು ವಾರ ತುಂಬುವವರೆಗೂ ಮರುಡೋಸ್ ಕೊಡುವುದೇಕೆಂದರೆ, ತಾಯಿಯ ಹಾಲಿನಿಂದ ಬಂದ ಪ್ರತಿಕಾಯಗಳು ಕರಗುವ ತನಕ ಲಸಿಕೆ ಪೂರ್ಣವಾಗಿ ಹಿಡಿಯುವುದಿಲ್ಲ.

ಕೆನಲ್ ಕಾಫ್‌ಗೆ ಪ್ರತ್ಯೇಕ ಲಸಿಕೆಯೂ ಇದೆ. ಮೂಗಿಗೆ ಹನಿಯಾಗಿ ಬಿಡುವ ಬಗೆಯು ಬೋರ್ಡೆಟೆಲ್ಲಾ ಮತ್ತು ಪ್ಯಾರಾಇನ್‌ಫ್ಲುಯೆಂಜಾ ಎರಡರ ವಿರುದ್ಧ, ರೋಗಾಣು ಒಳಹೊಕ್ಕುವ ಜಾಗದಲ್ಲೇ ರಕ್ಷಣೆಯನ್ನು ಬೆಳೆಸುತ್ತದೆ. ಬೋರ್ಡೆಟೆಲ್ಲಾ ವಿರುದ್ಧದ ರಕ್ಷಣೆ ಸುಮಾರು ಮೂರು ದಿನಗಳಲ್ಲಿ ಶುರುವಾದರೆ ಪ್ಯಾರಾಇನ್‌ಫ್ಲುಯೆಂಜಾ ವಿರುದ್ಧದ್ದಕ್ಕೆ ಸುಮಾರು ಮೂರು ವಾರ ಬೇಕು. ಆದ್ದರಿಂದ ಬೋರ್ಡಿಂಗ್‌ಗೆ ಬಿಡುವ ಹಿಂದಿನ ದಿನ ಹಾಕಿಸಿ ಹೋಗುವುದರಿಂದ ಪ್ರಯೋಜನ ಕಡಿಮೆ. ಶ್ವಾಸನಾಳದ ಕೊರೊನಾಕ್ಕೆ ಮಾತ್ರ ಲಸಿಕೆ ಇಲ್ಲ. ಎಲ್ಲ ಲಸಿಕೆಗಳನ್ನೂ ಹಾಕಿಸಿದ ನಾಯಿ ಕೆಮ್ಮಿದರೆ ಅದರರ್ಥ ಲಸಿಕೆ ಸೋತಿತೆಂದಲ್ಲ. ಗೊಂಚಲಿನಲ್ಲಿ ಲಸಿಕೆಯಿಲ್ಲದ ರೋಗಾಣುಗಳೂ ಇವೆ.

ನಾಯಿಯಿಂದ ಮನುಷ್ಯರಿಗೆ ಬರುತ್ತದೆಯೇ

ನಾಯಿಯ ಶ್ವಾಸನಾಳದ ಕೊರೊನಾ ಮನುಷ್ಯರಲ್ಲಿ ರೋಗ ತಂದದ್ದು ಕಂಡುಬಂದಿಲ್ಲ. ಮನೆನಾಯಿಗಳು ಕೋವಿಡ್ಡನ್ನು ಮನುಷ್ಯರಿಗೆ ದಾಟಿಸುವ ಮುಖ್ಯ ದಾರಿಯೂ ಆಗಲಿಲ್ಲ. ವಿಜ್ಞಾನಿಗಳು ಕಣ್ಣಿಟ್ಟಿರುವುದು ಇನ್ನೊಂದು ಸಂಗತಿಯ ಮೇಲೆ: ಮಲೇಷ್ಯಾದ ಸರವಾಕ್‌ನಲ್ಲಿ 2017-18ರಲ್ಲಿ ನ್ಯುಮೋನಿಯಾದಿಂದ ಆಸ್ಪತ್ರೆ ಸೇರಿದ್ದ 301 ರೋಗಿಗಳ ಮಾದರಿಗಳ ಪೈಕಿ ಎಂಟರಲ್ಲಿ, ಹೆಚ್ಚಿನವರು ಮಕ್ಕಳು, ನಾಯಿಯ ಆಲ್ಫಾ ಕೊರೊನಾಕ್ಕೆ ಹತ್ತಿರದ ವೈರಸ್ ಕಂಡುಬಂದದ್ದನ್ನು 2021ರಲ್ಲಿ ಪ್ರಕಟಿಸಲಾಯಿತು. ಆ ರೋಗಿಗಳೆಲ್ಲ ಚೇತರಿಸಿಕೊಂಡರು, ಮತ್ತು ಅವರ ನ್ಯುಮೋನಿಯಾಕ್ಕೆ ಆ ವೈರಸ್ಸೇ ಕಾರಣವೆಂದು ಸಾಬೀತಾಗಲಿಲ್ಲ. 2023ರಲ್ಲಿ ಸೈಪ್ರಸ್ ದ್ವೀಪದಲ್ಲಿ ಬೆಕ್ಕುಗಳನ್ನು ದೊಡ್ಡ ಸಂಖ್ಯೆಯಲ್ಲಿ ಬಲಿ ಪಡೆದ ವೈರಸ್ ಕೂಡ ಬೆಕ್ಕಿನ ಮತ್ತು ನಾಯಿಯ ಕೊರೊನಾಗಳ ತುಣುಕುಗಳು ಬೆರೆತು ಹುಟ್ಟಿದ್ದು. ಎರಡು ಕೊರೊನಾ ವೈರಸ್‌ಗಳು ಒಂದೇ ಕೋಶಕ್ಕೆ ಹೊಕ್ಕರೆ ತಮ್ಮ ಆರ್‌ಎನ್‌ಎ ಭಾಗಗಳನ್ನು ಅದಲುಬದಲು ಮಾಡಿಕೊಳ್ಳಬಲ್ಲವು. ಪ್ರಯೋಗಾಲಯಗಳು ಪ್ರಾಣಿಗಳ ವೈರಸ್‌ಗಳನ್ನು ಗಮನಿಸುತ್ತಲೇ ಇರಲು ಅದೇ ಕಾರಣ.

ಬೋರ್ಡೆಟೆಲ್ಲಾ ಬ್ಯಾಕ್ಟೀರಿಯಾ ಮಾತ್ರ ಅಪರೂಪಕ್ಕೆ ಮನುಷ್ಯರಿಗೂ ತಗಲುತ್ತದೆ. ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು, ಅಂಗಕಸಿ ಮಾಡಿಸಿಕೊಂಡವರು ಮನೆಯಲ್ಲಿದ್ದರೆ ಕೆಮ್ಮುವ ನಾಯಿಯಿಂದ ಸ್ವಲ್ಪ ದೂರವಿರುವುದು ಒಳ್ಳೆಯದು. ಉಳಿದವರಿಗೆ ಕೈ ತೊಳೆದುಕೊಳ್ಳುವುದೇ ಸಾಕು.

ಕೆಮ್ಮು ಶುರುವಾದ ಮೇಲೆ

ನಾಯಿ ಎಂದಿನಂತೆ ತಿನ್ನುತ್ತಿದ್ದು, ಲವಲವಿಕೆಯಿಂದಿದ್ದು, ಕೆಮ್ಮು ಮಾತ್ರ ಇದ್ದರೆ ಒಂದರಿಂದ ಮೂರು ವಾರಗಳಲ್ಲಿ ತಾನಾಗಿಯೇ ವಾಸಿಯಾಗುವುದೇ ಹೆಚ್ಚು. ಕುತ್ತಿಗೆಯ ಬೆಲ್ಟ್ ತೆಗೆದು ಎದೆಗೆ ಹಾಕುವ ಹಾರ್ನೆಸ್ ಬಳಸುವುದು, ಓಡಿಸದಿರುವುದು, ಊದುಬತ್ತಿ, ಸೊಳ್ಳೆಬತ್ತಿ, ಸಿಗರೇಟುಗಳ ಹೊಗೆಯಿಂದ ದೂರವಿಡುವುದು ಇಷ್ಟರಿಂದಲೇ ಕೆಮ್ಮು ಎಷ್ಟೋ ತಗ್ಗುತ್ತದೆ. ಮನುಷ್ಯರ ಔಷಧಿಗಳನ್ನು ಕೊಡಲೇಬಾರದು: ಐಬುಪ್ರೊಫೇನ್ ನಾಯಿಯ ಹೊಟ್ಟೆ ಮತ್ತು ಮೂತ್ರಪಿಂಡಗಳನ್ನು ಕೆಡಿಸುತ್ತದೆ, ಪ್ಯಾರಾಸಿಟಮಾಲ್ ಪ್ರಮಾಣ ತಪ್ಪಿದರೆ ಯಕೃತ್ತನ್ನು, ಮತ್ತು ಕೆಲವು ಕೆಮ್ಮಿನ ಸಿರಪ್‌ಗಳಲ್ಲಿ ಸಿಹಿಗಾಗಿ ಬೆರೆಸುವ ಜೈಲಿಟಾಲ್ ನಾಯಿಗೆ ವಿಷ.

ಪಶುವೈದ್ಯರು ಮೊದಲ ದಿನವೇ ಆ್ಯಂಟಿಬಯೋಟಿಕ್ ಬರೆದುಕೊಡದಿದ್ದರೆ ಅದು ಉದಾಸೀನವಲ್ಲ. ವೈರಸ್‌ಗಳ ಮೇಲೆ ಆ್ಯಂಟಿಬಯೋಟಿಕ್ ಕೆಲಸ ಮಾಡುವುದಿಲ್ಲ. ಜ್ವರ, ಮಂಕು, ಹಸಿವಿಲ್ಲದಿರುವುದು ಇವು ಕಾಣದಿದ್ದರೆ ಹತ್ತು ದಿನಗಳವರೆಗೆ ಕಾದುನೋಡಬಹುದೆಂದು ಅಂತರರಾಷ್ಟ್ರೀಯ ತಜ್ಞರ ಮಾರ್ಗಸೂಚಿಯೇ ಹೇಳುತ್ತದೆ, ಬ್ಯಾಕ್ಟೀರಿಯಾ ಸೋಂಕಿನ ಅನುಮಾನ ಬಂದರೆ ಸಾಮಾನ್ಯವಾಗಿ ಡಾಕ್ಸಿಸೈಕ್ಲಿನ್ ಮೊದಲ ಆಯ್ಕೆ. ಯಾವ ರೋಗಾಣುವೆಂದು ತಿಳಿಯಲು ಗಂಟಲಿನ ಮಾದರಿಯ ಪಿಸಿಆರ್ ಪರೀಕ್ಷೆ ಇದೆ. ಒಂದು ನಾಯಿಯ ಸೌಮ್ಯ ಕೆಮ್ಮಿಗೆ ಅದು ಬೇಕಾಗುವುದಿಲ್ಲ. ಒಂದೇ ಬೋರ್ಡಿಂಗ್‌ನಲ್ಲಿ ಹಲವು ನಾಯಿಗಳು ಒಟ್ಟಿಗೆ ಕಾಯಿಲೆ ಬಿದ್ದರೆ ಬೇಕಾಗುತ್ತದೆ.

ತಡಮಾಡಬಾರದ ಲಕ್ಷಣಗಳನ್ನು ಉಸಿರಿನಿಂದಲೇ ಗುರುತಿಸಬಹುದು. ನಾಯಿ ಗಾಢವಾಗಿ ನಿದ್ರಿಸುವಾಗ ಎದೆ ಏರಿಳಿಯುವುದನ್ನು ಅರ್ಧ ನಿಮಿಷ ಎಣಿಸಿ ಎರಡರಿಂದ ಗುಣಿಸಿದರೆ ಸಾಮಾನ್ಯವಾಗಿ 30ರೊಳಗೆ ಇರಬೇಕು. ಮತ್ತೆ ಮತ್ತೆ ಎಣಿಸಿದಾಗಲೂ ಅದನ್ನು ಮೀರುತ್ತಿದ್ದರೆ, ಉಸಿರಾಡಲು ಹೊಟ್ಟೆಯನ್ನು ಎಳೆದುಕೊಳ್ಳುತ್ತಿದ್ದರೆ, ಒಸಡು ನೀಲಿಗಟ್ಟಿದರೆ, ಮೈಬಿಸಿ 103 ಡಿಗ್ರಿ ಫ್ಯಾರನ್‌ಹೀಟ್ ದಾಟಿದರೆ, ಊಟ ಬಿಟ್ಟರೆ ನ್ಯುಮೋನಿಯಾದ ಸಂಶಯವಿರುತ್ತದೆ; ಎದೆಯ ಎಕ್ಸ್‌ರೇ ಬೇಕಾಗುತ್ತದೆ. ಮರಿಗಳು, ಮುದಿನಾಯಿಗಳು, ಮತ್ತು ಮೊದಲೇ ಉಸಿರಾಟ ಕಷ್ಟವಿರುವ ಪಗ್, ಶಿಹ್ ತ್ಜು, ಬುಲ್‌ಡಾಗ್‌ನಂಥ ಚಪ್ಪಟೆ ಮೂಗಿನ ತಳಿಗಳ ವಿಷಯದಲ್ಲಿ ಕೆಮ್ಮಷ್ಟೇ ಇದ್ದರೂ ಬೇಗ ತೋರಿಸುವುದು ಕ್ಷೇಮ. ಪಶು ಆಸ್ಪತ್ರೆಗೆ ಹೋದಾಗ ಕೆಮ್ಮುವ ನಾಯಿಯನ್ನು ಕಾಯುವ ಕೋಣೆಗೆ ಕರೆದೊಯ್ಯುವ ಮೊದಲು ಹೊರಗೇ ನಿಲ್ಲಿಸಿ ಒಳಗೆ ವಿಷಯ ತಿಳಿಸಿದರೆ, ಅಲ್ಲಿರುವ ಲಸಿಕೆಗೆ ಬಂದ ಮರಿಗಳಿಗೆ ಸೋಂಕು ದಾಟುವುದು ತಪ್ಪುತ್ತದೆ.

ಕೊಬ್ಬಿನ ಹೊದಿಕೆಯಿರುವ ಕೊರೊನಾ ವೈರಸ್‌ಗಳು ಸೋಪಿನ ನೀರಿಗೆ, ತೆಳು ಬ್ಲೀಚಿಂಗ್ ದ್ರಾವಣಕ್ಕೆ ಬೇಗ ಸಾಯುವುದರಿಂದ ಬಟ್ಟಲು, ಹಾಸಿಗೆಗಳನ್ನು ತೊಳೆಯುವುದು ಕಷ್ಟದ ಕೆಲಸವಲ್ಲ. ನಾಯಿಯ ಮೈಗೆ ಸ್ಯಾನಿಟೈಸರ್ ಸಿಂಪಡಿಸುವುದು ಮಾತ್ರ ಬೇಡ, ಅದು ನೆಕ್ಕಿಕೊಳ್ಳುತ್ತದೆ. ಮತ್ತೆ ಪಾರ್ಕಿಗೆ ಯಾವಾಗ ಕರೆದೊಯ್ಯಬಹುದೆಂದರೆ, ಕೆಮ್ಮು ಪೂರ್ತಿ ನಿಂತು ಕಡೇಪಕ್ಷ ಎರಡು ವಾರ ಕಳೆದ ಮೇಲೆ. ಬೋರ್ಡೆಟೆಲ್ಲಾ ಬ್ಯಾಕ್ಟೀರಿಯಾವನ್ನು ಗುಣಮುಖವಾದ ನಾಯಿಯೂ ಹಲವು ವಾರ, ಕೆಲವೊಮ್ಮೆ ತಿಂಗಳುಗಟ್ಟಲೆ ಹೊರಹಾಕುತ್ತಿರುವುದರಿಂದ ಮುಂದಿನ ಬೋರ್ಡಿಂಗ್‌ನವರಿಗೆ ಈ ಕೆಮ್ಮಿನ ವಿಷಯವನ್ನು ಮೊದಲೇ ತಿಳಿಸಿ, ಅವರು ಹೊಸ ನಾಯಿಗಳನ್ನು ಬೇರೆ ಕೋಣೆಯಲ್ಲಿ ಇರಿಸುತ್ತಾರೆಯೇ, ಮೂಗಿನ ಲಸಿಕೆಯ ದಿನಾಂಕವನ್ನು ಕೇಳುತ್ತಾರೆಯೇ ಎಂದು ವಿಚಾರಿಸಿಕೊಳ್ಳಬೇಕು.